ಆ ವರ್ಷ ನಮ್ಮಲ್ಲಿ ಸತ್ತವರು ಕಡಿಮೆ

ಫಾದರ್ ಲೊವ್ರೊ ನನಗೆ ಗಂಡನನ್ನು ತೋರಿಸಿದ್ದು ಒಂದು ಗುರುವಾರ. ಗುರುವಾರ ಬಟ್ಟೆ ಕುದಿಸುವ ದಿನ. ನಾನು ಮೊಣಕೈತನಕ ಬೂದಿನೀರಿನಲ್ಲಿದ್ದೆ.

"ಮಾಂದಾ, ಕೈ ಒರೆಸ್ಕೊಂಡು ಬಾ. ಇವ್ರು ನಿನ್ನ ಗಂಡ."

ಬಾಗಿಲಲ್ಲಿ ಒಬ್ಬ ನಿಂತಿದ್ದ. ನಲವತ್ತರ ಆಸುಪಾಸು. ಬೂಟು ಯಾರದ್ದೋ, ಕೋಟು ಯಾರದ್ದೋ. ನಿಂತ ರೀತಿ ಮಾತ್ರ ಅವನದೇ. ಬೆನ್ನು ನೆಟ್ಟಗೆ, ಹಿಮ್ಮಡಿ ಕೂಡಿಸಿ. ಅವನು ನನ್ನ ಕೈ ನೋಡಿದ. ಕುಲುಕಲಿಲ್ಲ.

"ನಂಗೆ ಗಂಡ ಇದ್ದ ಸ್ವಾಮಿ. ಸತ್ತ."

"ಗೊತ್ತು. ಕೂತು ಮಾತಾಡೋಣ."

ಕೂರಲು ಅಲ್ಲಿ ಏನೂ ಇರಲಿಲ್ಲ. ನಿಂತೇ ಮಾತಾಡಿದೆವು.

ಇದು ಜಿನೋವಾದಲ್ಲಿ, ಯುದ್ಧ ಮುಗಿದು ಎರಡು ವರ್ಷದ ಮೇಲೆ. ಗುಡ್ಡದ ಮೇಲೆ ಕಾನ್ವೆಂಟು, ಕೆಳಗೆ ಬಂದರು. ಕಾನ್ವೆಂಟಿನ ಹಿಂಭಾಗದಲ್ಲಿ ನಮ್ಮ ದೇಶ ಬಿಟ್ಟು ಬಂದವರನ್ನು ಇಟ್ಟಿದ್ದರು. ಎಂಬತ್ತು ಗಂಡಸರು, ಹದಿನಾಲ್ಕು ಹೆಂಗಸರು. ಎಲ್ಲರೂ ಹಡಗಿಗೆ ಕಾಯುವವರು. ಚರ್ಚಿನ ಒಂದು ಸಮಿತಿ ಕಾಗದ ಮಾಡಿಕೊಡುತ್ತಿತ್ತು, ಅರ್ಜೆಂಟೀನಾಕ್ಕೆ ಕಳಿಸುತ್ತಿತ್ತು. ಸಮಿತಿ ಎಂದರೆ ನಮ್ಮ ಪಾಲಿಗೆ ಫಾದರ್ ಲೊವ್ರೊ. ಅವರೂ ನಮ್ಮ ಕಡೆಯವರೇ, ಕ್ರೊಯೇಷಿಯಾದವರು. ಗಂಡಸರು ಕಾಯುತ್ತಿದ್ದರು, ಇಸ್ಪೀಟಾಡುತ್ತಿದ್ದರು. ಹೆಂಗಸರು ಕಾಯುತ್ತಿದ್ದರು, ಒಗೆಯುತ್ತಿದ್ದರು.

ಎಂಬತ್ತು ಜನರ ಹಾಸಿಗೆ ಬಟ್ಟೆ, ಅಂಗಿ, ಒಳ ಉಡುಪು, ಕನ್ಯಾಸ್ತ್ರೀಯರ ಬಿಳಿ ಬಟ್ಟೆ, ಫಾದರುಗಳ ನಿಲುವಂಗಿ. ಬಲಿಪೀಠದ ಮೇಲಿನ ಸಣ್ಣ ಬಟ್ಟೆಗಳನ್ನು ಮಾತ್ರ ನಾವು ಹಾಗೇ ಮುಟ್ಟುವಂತಿರಲಿಲ್ಲ. ಅವುಗಳ ಮೇಲೆ ಪ್ರಸಾದದ ಕಣ ಇರಬಹುದು. ಮೊದಲ ನೀರು ಗುರುಗಳೇ ಹಾಕಬೇಕು, ಆ ನೀರು ಮಣ್ಣಿಗೇ ಹೋಗಬೇಕು. ಆಮೇಲೆ ನಮ್ಮ ಕೈಗೆ. ಗುರುಗಳ ಚಡ್ಡಿಗೆ ಆ ನಿಯಮ ಇರಲಿಲ್ಲ. ಅದರ ಮೊದಲ ನೀರೂ ನಮ್ಮದೇ.

ನನ್ನ ತೊಂದರೆ ಏನೆಂದರೆ ನನ್ನ ಹತ್ತಿರ ಕಾಗದ ಇತ್ತು. ಮನೆ ಸುಟ್ಟ ದಿನ ಮೂರು ಕಾಗದವನ್ನು ಲಂಗದ ಅಂಚಿಗೆ ಹೊಲಿದುಕೊಂಡು ಹೊರಟಿದ್ದೆ. ಹುಟ್ಟಿದ್ದಕ್ಕೆ ಚರ್ಚು ಕೊಟ್ಟ ನನ್ನ ಜ್ಞಾನಸ್ನಾನದ ಚೀಟಿ, ಗಂಡ ಇಲಿಯಾ ಗಲೊವಿಚ್‌ನ ಜ್ಞಾನಸ್ನಾನದ ಚೀಟಿ, ನಮ್ಮ ಮದುವೆ ಚೀಟಿ. ಸತ್ತದ್ದಕ್ಕೆ ಚೀಟಿ ಇರಲಿಲ್ಲ. ನೇಣು ಹಾಕಿದವರು ಚೀಟಿ ಕೊಡುವುದಿಲ್ಲ.

ಎರಡು ವರ್ಷ ಅರ್ಜಿ ಹಾಕಿದೆ. ವಿಧವೆ ಎಂದು ಹಾಕಿದರೆ ಸಾವಿನ ಚೀಟಿ ಎಲ್ಲಿ ಎಂದರು. ಗಂಡನುಳ್ಳವಳು ಎಂದು ಹಾಕಿದರೆ ಗಂಡ ಎಲ್ಲಿ ಎಂದರು. ಜೊತೆಗೆ ಅತ್ತೆ ಯೆಲಾ, ಅರವತ್ತೊಂಬತ್ತು ವರ್ಷ. ಒಂಟಿ ಮುದುಕಿಯರು ಅರ್ಜೆಂಟೀನಾಕ್ಕೆ ಬೇಕಿರಲಿಲ್ಲ. ಅವರಿಗೆ ರೈತ ಸಂಸಾರ ಬೇಕಿತ್ತು. ಮಗನ ಬೆನ್ನಿಗೆ ಬಂದರೆ ಮುದುಕಿಯೂ ನಡೆಯುತ್ತಿತ್ತು.

"ನೋಡು," ಎಂದರು ಫಾದರ್, "ಕಾಗದದ ಪ್ರಕಾರ ನಿನ್ನ ಗಂಡ ಹುಟ್ಟಿದಾನೆ, ಮದುವೆ ಆಗಿದಾನೆ. ಸತ್ತಿಲ್ಲ. ಇವ್ರ ಹತ್ರ ಯಾವ ಕಾಗದಾನೂ ಇಲ್ಲ. ನಿನ್ನ ಹತ್ರ ಗಂಡ ಇಲ್ಲ. ಒಂದು ಮನೆ ಆಗತ್ತೆ. ನೀನು, ಇವ್ರು, ಅಜ್ಜಿ. ಮುಂದಿನ ತಿಂಗಳು ಹನ್ನೆರಡನೇ ತಾರೀಖು ಹಡಗು."

"ಇವ್ರು ಯಾರು?"

"ಡಾಕ್ಟರ್. ಕಾನೂನಿನ ಡಾಕ್ಟರ್, ಔಷಧದ್ದಲ್ಲ. ಒಳ್ಳೇ ಕ್ರೈಸ್ತರು. ವಾಪಸ್ ಕಳ್ಸಿದ್ರೆ ಯುದ್ಧ ಗೆದ್ದೋರು ಇವರನ್ನ ನೇಣಿಗೆ ಹಾಕ್ತಾರೆ."

"ನನ್ನ ಗಂಡನ್ನೂ ನೇಣಿಗೆ ಹಾಕಿದ್ರು ಸ್ವಾಮಿ."

"ಅದು ಬೇರೆ ಮಾಂದಾ."

ಬೇರೆಯೇ. ಇಲಿಯಾನನ್ನು ಹಾಕಿದ್ದು ಯುದ್ಧದಲ್ಲಿ ನಮ್ಮನ್ನು ಆಳಿದ ಕರಿ ಸಮವಸ್ತ್ರದವರು. ಈ ಡಾಕ್ಟರು ನಿಂತ ರೀತಿ ನೋಡಿದರೆ ಅವನ ಬೆನ್ನೂ ಅದೇ ಬಟ್ಟೆಯ ಅಳತೆಗೆ ಕೂತಿದ್ದು ಗೊತ್ತಾಗುತ್ತಿತ್ತು. ನಾನು ಹೂಂ ಎಂದೆ. ನನಗೆ ಹಡಗು ಬೇಕಿತ್ತು. ಇದನ್ನು ಮುಚ್ಚಿಡುವುದಿಲ್ಲ.

ಅತ್ತೆಗೆ ಹೇಳಿದೆ. ಅವರು ಅಂಗಳದಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದರು.

"ನನ್ ಮಗನ ಹೆಸರು ಅವನಿಗಾ?"

"ಹೆಸರು ಮಾತ್ರ ಅತ್ತೆ."

"ಇನ್ನೇನಿದೆ ನನ್ ಮಗಂದು, ಹೆಸರು ಬಿಟ್ರೆ?" ಎಂದು ನಾಲ್ಕು ಕಾಯಿ ಬಿಡಿಸಿದರು. "ನಾನೂ ಹೋಗ್ಬೋದಾ?"

"ಹೂಂ. ತಾಯಿ ಅಂತ."

"ಇಲ್ಲೇ ಬಿಟ್ಟೋದ್ರೆ ನನ್ನ ಎಲ್ಲಿ ಹಾಕ್ತಾರೆ?"

"ಮುದುಕರ ಆಶ್ರಮಕ್ಕೆ ಅಂತೆ."

"ಊಟಕ್ಕೇನು ಕೊಡ್ತಾರೆ?"

"ಜೋಳದ ಗಂಜಿ."

"ಹಂಗಾದ್ರೆ ಮಗ ಆಗ್ಲಿ ಬಿಡು," ಎಂದರು.

ಒಂದು ತೊಡಕಿತ್ತು. ಕಾನ್ಸುಲ್ ಕಚೇರಿಯಲ್ಲಿ ಕೈ ನೋಡುತ್ತಿದ್ದರು. ರೈತ ಎಂದು ಬರೆಸಿದವನು ಅಂಗೈ ತೋರಿಸಬೇಕು, ಜಡ್ಡು ಕಾಣಬೇಕು. ಡಾಕ್ಟರನ ಅಂಗೈ ಒಳ್ಳೆಯ ಟವಲಿನ ಹಾಗಿತ್ತು. ಫಾದರ್ ಅವನನ್ನು ಮೂರು ವಾರಕ್ಕೆ ನಮ್ಮ ಬಟ್ಟೆಕೋಣೆಗೆ ಹಾಕಿದರು.

ಬಟ್ಟೆಕೋಣೆಯ ಯಜಮಾನಿ ಸಿಸ್ಟರ್ ಅದೆಲಿನಾ, ಜಿನೋವಾದವಳೇ. ಅವಳಿಗೆ ಇದೆಲ್ಲ ಹೊಸದಲ್ಲ. "ಗಂಡನಿಗೆ ಕೆಲಸ ಕಲಿಸೋಕೆ ಮೂರು ವಾರ ಸಿಕ್ಕಿದೆ ನಿಂಗೆ," ಎಂದಳು. "ಎಷ್ಟು ಜನಕ್ಕೆ ಸಿಗತ್ತೆ?"

ಮೊದಲ ದಿನ ಅವನ ಕೈಗೆ ಕೋಲು ಕೊಟ್ಟೆ. ಹಂಡೆಯಲ್ಲಿ ಕುದಿಯುವ ಬಟ್ಟೆ ತಿರುವುವ ಕೋಲು. ಒದ್ದೆ ದುಪ್ಪಟಿ ಒಂದೊಂದೂ ಕರುವಿನ ಭಾರ. ಹತ್ತು ನಿಮಿಷಕ್ಕೆ ಅವನ ಮುಖ ಕೆಂಪಾಯಿತು. ಒಂದು ಗಂಟೆಗೆ ಬೊಬ್ಬೆ ಎದ್ದಿತು. ಸಂಜೆಗೆ ಬೊಬ್ಬೆ ಒಡೆಯಿತು. ಬೂದಿನೀರು ಒಡೆದ ಬೊಬ್ಬೆಗೆ ತಾಗಿದರೆ ಏನಾಗುತ್ತದೆಂದು ನನಗೆ ಗೊತ್ತು. ನಾನು ಹೇಳಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಅತ್ತೆ ಬೀನ್ಸ್ ಬುಟ್ಟಿಯನ್ನು ಬಟ್ಟೆಕೋಣೆಗೇ ತಂದರು. ನೋಡುತ್ತ ಕೂತರು.

"ಏಯ್, ನನ್ ಮಗ ಹಿಂಗೆ ಹಿಡೀತಿರಲಿಲ್ಲ. ಪೆನ್ನು ಹಿಡ್ದಂಗೆ ಹಿಡಿದೀಯ. ಕೆಳಗೆ ಹಿಡಿ. ಸೊಂಟ ಬಗ್ಗಿಸು. ನಿನ್ ಸೊಂಟಕ್ಕೇನು, ಮೊಳೆ ಹೊಡೆದಿದಾರಾ?"

"ಅಜ್ಜಿ, ದಯವಿಟ್ಟು..."

"ಅಜ್ಜಿ ಯಾವಳೋ? ಅಮ್ಮ ಅನ್ನು."

"ಅಮ್ಮ."

"ನಮ್ ಹಸು ಹೆಸರೇನು?"

"ರುಮೆಂಕಾ. ಕೆಂಪು. ಎಡಗೊಂಬು ಮುರಿದದ್ದು."

"ಯಾರು ಮುರಿದಿದ್ದು?"

"ಅದನ್ನ ನೀವು ಹೇಳಿಲ್ಲ."

"ನೀನೇ. ಹನ್ನೆರಡು ವರ್ಷದವನಿದ್ದಾಗ, ಗೇಟು ಹಾಕ್ವಾಗ. ಹೊಡೆಸ್ಕೊಂಡೆ ನನ್ ಕೈಲಿ. ಮರ್ತ್ಬಿಟ್ಯಾ?"

ರೇಜಾ ನಕ್ಕು ನಕ್ಕು ಸೋಪು ಕೆಳಗೆ ಬೀಳಿಸಿದಳು. ರೇಜಾ ನನ್ನ ಪಕ್ಕದ ತೊಟ್ಟಿಯವಳು, ಅವಳೂ ವಿಧವೆ. ಅವಳ ಗಂಡನ ಚೀಟಿ ವಸಂತದಲ್ಲೇ ಯಾರಿಗೋ ಹೋಗಿತ್ತು. ಆ ಯಾರೋ ಅವಳನ್ನು ಬಿಟ್ಟು ಒಬ್ಬನೇ ಹಡಗು ಹತ್ತಿದ್ದ. ಮುಂದಿನ ಸಲ ನಿನಗೆ ಎಂದು ಸಮಿತಿ ಮಾತು ಕೊಟ್ಟಿತ್ತು.

"ನನ್ನ ಗಂಡ ಅರ್ಜೆಂಟೀನಾಕ್ಕೆ ಹೋಗಿ ಆರು ತಿಂಗಳಾಯ್ತು," ಎನ್ನುತ್ತಿದ್ದಳು. "ಒಂದು ಕಾಗದ ಇಲ್ಲ. ಬದುಕಿದ್ದಾಗ್ಲೂ ಹಂಗೇ, ಮನೆ ಬಿಟ್ರೆ ಮುಗೀತು."

ಎರಡನೆಯ ವಾರ ಡಾಕ್ಟರನ ಕೈ ಗಟ್ಟಿಯಾಗತೊಡಗಿತು. ದುಪ್ಪಟಿ ಹಿಂಡಲು ಇಬ್ಬರು ಬೇಕು. ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವನು. ನಾನು ಬಲಕ್ಕೆ ತಿರುವಿದರೆ ಅವನು ಎಡಕ್ಕೆ. ಆಗ ಕೇಳಿದೆ.

"ಯುದ್ಧದಲ್ಲಿ ಏನ್ ಮಾಡ್ತಿದ್ರಿ?"

"ಆಡಳಿತ."

"ಎಲ್ಲಿ?"

ಅವನು ಒಂದು ಊರು ಹೇಳಿದ. ನಮ್ಮ ಜಿಲ್ಲೆಯಲ್ಲ. ನಡೆದರೆ ಎರಡು ದಿನದ ದಾರಿ. ಅಂದರೆ ಇಲಿಯಾನನ್ನು ಹಾಕಿಸಿದವನು ಇವನಲ್ಲ. ನನಗೆ ಒಂದು ಥರ ಸಮಾಧಾನವಾಯಿತು.

"ಅಲ್ಲೂ ನೇಣು ಹಾಕ್ತಿದ್ರಾ?"

ಅವನು ದುಪ್ಪಟಿಯನ್ನು ಇನ್ನೊಂದು ಸುತ್ತು ತಿರುವಿದ. ನೀರು ಸುರಿಯಿತು.

"ಕಾನೂನು ಎಲ್ಲ ಕಡೆ ಒಂದೇ ಇತ್ತು," ಎಂದ.

ಅಕ್ಟೋಬರ್ ಕೊನೆಯ ಶುಕ್ರವಾರ ಮೂವರೂ ಕಾನ್ಸುಲ್ ಕಚೇರಿಗೆ ಹೋದೆವು. ಗುಮಾಸ್ತ ಡಾಕ್ಟರನ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿದ. ಹೆಬ್ಬೆರಳಿನಿಂದ ಒತ್ತಿದ. "ಒಳ್ಳೇ ರೈತ," ಎಂದ. ನನ್ನ ಕೈ ನೋಡಲಿಲ್ಲ. ಹೆಂಗಸರ ಕೈ ನೋಡುವ ಪದ್ಧತಿ ಇಲ್ಲ. ಎಂಟು ದಿನದಲ್ಲಿ ವೀಸಾ ಎಂದು ಹೇಳಿ ಕಳಿಸಿದ. ಬರುವಾಗ ಡಾಕ್ಟರ್ ಬೀದಿಯಲ್ಲಿ ಸುಟ್ಟ ಚೆಸ್ಟ್‌ನಟ್ ಕೊಡಿಸಿದ. ಅತ್ತೆ ತಿಂದರು. "ನನ್ ಮಗ ಸಿಪ್ಪೆ ಸುಲಿದು ಕೊಡ್ತಿದ್ದ," ಎಂದರು. ಅವನು ಸುಲಿದು ಕೊಟ್ಟ.

ಸತ್ತವರ ದಿನ ನವೆಂಬರ್ ಎರಡನೇ ತಾರೀಖು, ಆ ವರ್ಷ ಅದು ಭಾನುವಾರ ಬಂದಿತ್ತು. ಭಾನುವಾರ ಪ್ರಭುವಿನ ದಿನ. ಆದ್ದರಿಂದ ಸತ್ತವರನ್ನು ಸೋಮವಾರಕ್ಕೆ ಮುಂದೂಡಿದ್ದರು.

ಸತ್ತವರ ದಿನ ನಮ್ಮಲ್ಲಿ ಹೆಸರು ಓದುತ್ತಾರೆ. ಮನೆಯವರು ಚೀಟಿಯಲ್ಲಿ ಹೆಸರು ಬರೆದುಕೊಡಬೇಕು. ಬಲಿಪೂಜೆಯ ಕೊನೆಗೆ ಗುರುಗಳು ಒಂದೊಂದೇ ಓದುತ್ತಾರೆ, ಜನ ಉತ್ತರ ಕೊಡುತ್ತಾರೆ. ಅತ್ತೆಗೆ ಇದು ಬರಿಯ ಪದ್ಧತಿಯಲ್ಲ. ಇಲಿಯಾನಿಗೆ ಮಣ್ಣು ಕೊಟ್ಟಾಗ ಪಾದ್ರಿ ಇರಲಿಲ್ಲ. ಗಂಟೆ ಬಾರಿಸಲಿಲ್ಲ. ಸೇನೆಯಿಂದ ಓಡಿಬಂದವನಿಗೆ ಪ್ರಾರ್ಥನೆ ಹೇಳಲು ನಮ್ಮೂರ ಗುರುಗಳಿಗೆ ಹೆದರಿಕೆ. ವರ್ಷಕ್ಕೊಮ್ಮೆ ಈ ಹೆಸರು ಓದುವುದೇ ಅವನ ಅಂತ್ಯಕ್ರಿಯೆ. ಅದಿಲ್ಲದಿದ್ದರೆ ಅವನ ಆತ್ಮ ಶುದ್ಧೀಕರಣದ ಬೆಂಕಿಯಲ್ಲೇ ನಿಂತಿರುತ್ತದೆ ಎಂದು ಅತ್ತೆ ನಂಬಿದ್ದರು. ಇದನ್ನು ಅವರಿಗೆ ಕಲಿಸಿದ್ದು ಚರ್ಚೇ.

ಶನಿವಾರ ಫಾದರ್ ಲೊವ್ರೊ ಬಟ್ಟೆಕೋಣೆಗೆ ಬಂದರು. ಕೈಯಲ್ಲಿ ಅತ್ತೆಯ ಚೀಟಿ.

"ಮಾಂದಾ, ಇದನ್ನ ಓದೋಕಾಗಲ್ಲ."

"ಯಾಕೆ ಸ್ವಾಮಿ?"

"ಬದುಕಿರೋರಿಗೆ ಸತ್ತವರ ಪ್ರಾರ್ಥನೆ ಹೇಳೋ ಹಾಗಿಲ್ಲ. ಸೋಮವಾರ ಪೂಜೆಗೆ ಹೊರಗಿನೋರೂ ಬರ್ತಾರೆ. ಒಬ್ರು ಹೆಸರು ಕೇಳಿದ್ರೂ ಸಾಕು. ಹತ್ತು ದಿನ. ಅಲ್ಲಿ ಹೋಗಿ ಎಷ್ಟು ಬೇಕಾದ್ರೂ ಪೂಜೆ ಹೇಳಿಸಿ."

"ಅಲ್ಲಿ ಹೋದ್ಮೇಲೂ ಅವನು ಬದುಕೇ ಇರ್ತಾನಲ್ಲ ಸ್ವಾಮಿ. ಅವನ ಹೆಸರಲ್ಲೇ ಮನೆ, ಅವನ ಹೆಸರಲ್ಲೇ ಸಾವು. ಇವ್ರು ಸಾಯೋವರ್ಗೂ ನನ್ನ ಗಂಡ ಸಾಯೋ ಹಾಗಿಲ್ಲ."

ಅವರು ಚೀಟಿ ನನ್ನ ಒದ್ದೆ ಕೈಗೆ ಕೊಟ್ಟರು. ಶಾಯಿ ಹರಡಿತು. ರೇಜಾಳ ಚೀಟಿಯನ್ನೂ ವಾಪಸ್ ಕೊಟ್ಟರು. ಇನ್ನೂ ಐದು ಹೆಂಗಸರ ಚೀಟಿ ಅವರ ಕೈಯಲ್ಲಿತ್ತು.

ಅತ್ತೆಗೆ ನಾನೇ ಹೇಳಿದೆ.

"ಹತ್ತು ದಿನ ಸುಮ್ನಿರಿ ಅತ್ತೆ."

"ನಾನು ಸುಮ್ನಿರ್ತೀನಿ. ಅವನು ಬೆಂಕಿಯಲ್ಲಿ ಹೆಂಗೆ ಸುಮ್ನಿರ್ತಾನೆ?"

"ಹಡಗು ಹೋಗತ್ತೆ."

"ಹೋಗೋ ಹಡಗಿಗೆ ನನ್ನ ಮಗನೇ ಸೌದೆ ಆಗ್ಬೇಕಾ?"

ನಾನು ಸಿಟ್ಟಾದೆ. ಆಶ್ರಮದ ಜೋಳದ ಗಂಜಿ ನೆನಪಿಸಿದೆ. ಬಾಯಿ ಮುಚ್ಚಿಕೊಂಡು ಬನ್ನಿ ಎಂದೆ. ಅವರು ಮುಚ್ಚಿಕೊಂಡರು.

ಸೋಮವಾರ ಚಾಪೆಲ್ ತುಂಬಿತ್ತು. ನಡುವೆ ಖಾಲಿ ಶವಪೆಟ್ಟಿಗೆ, ಮೇಲೆ ಕರಿ ಬಟ್ಟೆ, ಸುತ್ತ ಆರು ಮೇಣದ ಬತ್ತಿ. ಎಲ್ಲ ಸತ್ತವರಿಗೂ ಸೇರಿ ಒಂದೇ ಪೆಟ್ಟಿಗೆ. ನಾವು ಮೂರನೆಯ ಸಾಲು. ಅತ್ತೆ, ಪಕ್ಕದಲ್ಲಿ ಡಾಕ್ಟರ್, ಆ ಪಕ್ಕ ನಾನು. ಸಂಸಾರದ ಹಾಗೆ ಕೂರಿ ಎಂದು ಫಾದರ್ ಹೇಳಿದ್ದರು.

ಪೂಜೆ ಮುಗಿಯಿತು. ಫಾದರ್ ಲೊವ್ರೊ ಪಟ್ಟಿ ತೆಗೆದರು. ಓದಿದರು. ಮುದುಕರು, ಬಾಣಂತಿಯರು, ಟೈಫಸ್ ಬಂದು ಹೋದವರು. ಹೋದ ವರ್ಷ ಪಟ್ಟಿ ಓದಲು ಅರ್ಧ ಗಂಟೆ ಹಿಡಿದಿತ್ತು. ಈ ಸಲ ಐದೇ ನಿಮಿಷ. ಮೂವತ್ತರಿಂದ ನಲವತ್ತೈದರ ಗಂಡಸರು ಒಬ್ಬರೂ ಇರಲಿಲ್ಲ. ಅಂಥ ಯುದ್ಧ ನಡೆದಿತ್ತು, ಆದರೂ ಆ ವರ್ಷ ನಮ್ಮಲ್ಲಿ ಸತ್ತವರು ಕಡಿಮೆ.

ಫಾದರ್ ಪಟ್ಟಿ ಮಡಚಿದರು. ಅತ್ತೆ ಎದ್ದು ನಿಂತರು.

"ಸ್ವಾಮಿ, ನನ್ ಮಗನ ಹೆಸರು ಬಿಟ್ಟೋಯ್ತು."

ಫಾದರ್ ಮುಖದಲ್ಲಿ ಏನೂ ಕಾಣಲಿಲ್ಲ. "ಯೆಲಾ ಅಜ್ಜಿ," ಎಂದರು ಮೆಲ್ಲಗೆ, "ನಿಮ್ಮ ಮಗ ನಿಮ್ಮ ಪಕ್ಕದಲ್ಲೇ ಇದಾನಲ್ಲ."

ಡಾಕ್ಟರ್ ಅತ್ತೆಯ ತೋಳು ಹಿಡಿದ. "ಅಮ್ಮಾ, ಕೂತ್ಕೊ." ಚೆನ್ನಾಗಿ ಹೇಳಿದ. ಮೂರು ವಾರ ಕಲಿತದ್ದು.

"ಅಜ್ಜಿಗೆ ವಯಸ್ಸಾಗಿದೆ," ಎಂದರು ಫಾದರ್ ಎಲ್ಲರಿಗೂ. "ಮಾಂದಾ, ನೀನಾದ್ರೂ ಹೇಳು ಅವರಿಗೆ."

ಎಲ್ಲರೂ ನನ್ನನ್ನು ನೋಡಿದರು. ನಾನು ಹೇಳಬೇಕಾದದ್ದು ಸಣ್ಣ ಮಾತು. ಅತ್ತೆ, ಇಲಿಯಾ ಇಲ್ಲೇ ಇದಾನೆ. ಅಷ್ಟೇ. ಬಾಯಿ ತೆರೆದೆ. ಅತ್ತೆಯ ತೋಳಿನ ಮೇಲೆ ಅವನ ಕೈ ಇತ್ತು. ಜಡ್ಡುಗಟ್ಟಿದ ಕೈ. ಅದನ್ನು ಮಾಡಿಕೊಟ್ಟವಳು ನಾನೇ.

ಎದ್ದು ನಿಂತೆ.

"ನನ್ನ ಗಂಡ ಇಲಿಯಾ ಗಲೊವಿಚ್," ಎಂದೆ. "ಜೋಳ ಕುಯ್ಯೋಕೆ ಅಂತ ಸೇನೆ ಬಿಟ್ಟು ಬಂದಿದ್ದ. ಕರಿ ಸಮವಸ್ತ್ರದೋರು ಬಾವಿ ಪಕ್ಕದ ವಾಲ್ನಟ್ ಮರಕ್ಕೆ ಹಾಕಿದ್ರು. ಮೂರು ದಿನ ಇಳಿಸ್ಬಾರ್ದು ಅಂದ್ರು. ಮೂರನೇ ಸಂಜೆ ನಾನು ಕುಡುಗೋಲಲ್ಲಿ ಹಗ್ಗ ಕುಯ್ದೆ. ಅತ್ತೆ ಕಾಲು ಹಿಡ್ಕೊಂಡಿದ್ರು. ಭಾರ ಇದ್ದ. ಅತ್ತೆ ಮೇಲೆ ಬಿದ್ದ. ಅವನು ಕುಯ್ದಿದ್ದ ಜೋಳದ ಹೊಲದಲ್ಲೇ ಹೂಳಿದ್ವಿ. ಗುದ್ದಲಿ ಇರಲಿಲ್ಲ, ಅವರೇ ತಗೊಂಡೋಗಿದ್ರು. ಕೈಯಲ್ಲೇ ತೋಡಿದ್ವಿ. ಇವ್ನು ಯಾರು ಅಂತ ನಂಗೊತ್ತಿಲ್ಲ."

"ಮಾಂದಾ, ಕೂತ್ಕೊ."

ನಾನು ಕೂರಲಿಲ್ಲ. ಗುರುಗಳು ಹೇಳಬೇಕಾದ ಸಾಲನ್ನು ನಾನೇ ಹೇಳಿದೆ. ಹೆಂಗಸರು ಅದನ್ನು ಮುಂದಾಗಿ ಹೇಳಬಾರದು. ಹೇಳಿದೆ.

"ಇಲಿಯಾ ಗಲೊವಿಚ್. ಕರ್ತನೇ, ಇವನಿಗೆ ನಿತ್ಯ ವಿಶ್ರಾಂತಿ ಕೊಡು."

ಹುಟ್ಟಿದಾಗಿನಿಂದ ಕೇಳಿದ ಸಾಲು. ಕೇಳಿದ ತಕ್ಷಣ ಬಾಯಿ ತಾನೇ ಉತ್ತರ ಕೊಡುತ್ತದೆ. ಚಾಪೆಲಿನಲ್ಲಿದ್ದ ನೂರು ಬಾಯಿ ಒಟ್ಟಿಗೆ ಕೊಟ್ಟವು.

"ನಿತ್ಯ ಬೆಳಕು ಇವನ ಮೇಲೆ ಪ್ರಕಾಶಿಸಲಿ."

ನನ್ನ ಪಕ್ಕದಿಂದಲೂ ಬಂತು. ಡಾಕ್ಟರ್ ಒಳ್ಳೆಯ ಕ್ರೈಸ್ತ, ಫಾದರ್ ಸುಳ್ಳು ಹೇಳಿರಲಿಲ್ಲ. ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ತಿಳಿಯಿತು. ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು.

ಹಿಂದಿನ ಸಾಲಿನಿಂದ ರೇಜಾ ತನ್ನ ಗಂಡನ ಹೆಸರು ಹೇಳಿದಳು. ಜನ ಉತ್ತರ ಕೊಟ್ಟರು. ಉಳಿದ ಐವರಲ್ಲಿ ಒಬ್ಬಳು ಹೇಳಿದಳು. ನಾಲ್ವರು ನೆಲ ನೋಡುತ್ತ ಕೂತರು. ಅವರಿಗೂ ಹಡಗು ಬೇಕಿತ್ತು. ನಾನು ಅವರನ್ನು ಬಯ್ಯುವುದಿಲ್ಲ.

ಪೂಜೆ ಆದ ಮೇಲೆ ಫಾದರ್ ನನ್ನನ್ನು ಕಚೇರಿಗೆ ಕರೆದರು. ಕೂಗಾಡಲಿಲ್ಲ. ಅವರು ಕೂಗಾಡುವವರಲ್ಲ.

"ಒಬ್ಬ ಮನುಷ್ಯನ ಪ್ರಾಣ ನಿನ್ನ ನಾಲಿಗೆ ಮೇಲಿತ್ತು ಮಾಂದಾ."

"ಹೂಂ. ಯಾರದ್ದು ಅಂತ ನೀವು ಕೇಳ್ಲೇ ಇಲ್ಲ."

"ಶನಿವಾರದೊಳಗೆ ಜಾಗ ಖಾಲಿ ಮಾಡಿ. ಇಬ್ರೂ. ಇನ್ನು ನಾನೇನೂ ಮಾಡೋಕಾಗಲ್ಲ."

"ಆಯ್ತು. ನನ್ನ ಗಂಡನ ಸಾವಿನ ಚೀಟಿ ಬರ್ದುಕೊಡಿ. ನೂರು ಜನ ಸಾಕ್ಷಿ ಇದಾರೆ. ಆ ಡಾಕ್ಟರೂ ಇದಾರೆ."

"ಆಗಲ್ಲ."

"ಹಂಗಾದ್ರೆ ಅವನ ಜ್ಞಾನಸ್ನಾನದ ಚೀಟಿ ವಾಪಸ್ ಕೊಡಿ."

"ಅದು ಕಾನ್ಸುಲ್ ಕಚೇರಿಯಲ್ಲಿದೆ."

ಅವರು ಜಪಮಾಲೆ ಕೈಗೆ ತೆಗೆದುಕೊಂಡರು. ಮಾತು ಮುಗಿಯಿತು ಎಂದರ್ಥ. ನಾನು ಹೊರಗೆ ಬಂದೆ. ಡಾಕ್ಟರನ ಮಂಚ ಅಷ್ಟರಲ್ಲೇ ಖಾಲಿಯಾಗಿತ್ತು.

ಮಂಗಳವಾರ ಬೆಳಿಗ್ಗೆ ಒಗೆಯಲು ಹೋಗಲಿಲ್ಲ. ಅತ್ತೆಯ ತಲೆಗೆ ಒಳ್ಳೆಯ ವಸ್ತ್ರ ಕಟ್ಟಿದೆ. ಇಬ್ಬರೂ ಗುಡ್ಡ ಇಳಿದೆವು. ಕಾನ್ಸುಲ್ ಕಚೇರಿಯ ಸಾಲು ಬೀದಿ ತಿರುವಿನವರೆಗೆ ಇತ್ತು. ಮಧ್ಯಾಹ್ನದವರೆಗೆ ನಿಂತೆವು. ಅತ್ತೆಗೆ ಕೂರಲು ಯಾರೂ ಜಾಗ ಕೊಡಲಿಲ್ಲ. ಒಳಗೆ ಹೋದ ಕೂಡಲೇ ಅವರೇ ಗುಮಾಸ್ತನ ಮುಂದಿನ ಕುರ್ಚಿ ಎಳೆದುಕೊಂಡು ಕೂತರು.

"ಏನಾಗ್ಬೇಕು?" ಎಂದ ಗುಮಾಸ್ತ.

"ಒಂದು ಸಾವು ಬರೆಸ್ಬೇಕು," ಎಂದೆ.

"ಸಾವಿಗೆ ಬೇರೆ ಕಡೆ ಹೋಗಮ್ಮ. ಇಲ್ಲಿ ಬದುಕಿರೋರದ್ದು ಮಾತ್ರ."

"ಅವನು ಬೇರೆಲ್ಲೂ ಬದುಕಿಲ್ಲ. ನಿಮ್ಮಲ್ಲಿ ಮಾತ್ರ."

ಹೆಸರು ಹೇಳಿದೆ. ಅವನು ಕಡತ ತೆಗೆದ. ಚೀಟಿ ಇತ್ತು, ಲಂಗದ ಮಡಿಕೆಯ ಗೆರೆಯ ಸಮೇತ. ಅದರ ಮೇಲೆ ಡಾಕ್ಟರನ ಫೋಟೋ.

"ಶುಕ್ರವಾರ ತಾನೇ ಬಂದಿದ್ರಲ್ಲ ಇವ್ರು? ನಾನೇ ಕೈ ನೋಡಿದೀನಿ. ರೈತನ ಕೈ."

"ಕೈ ನಂದು," ಎಂದೆ. "ಅವನಿಗೆ ಮಾಡಿಕೊಟ್ಟಿದ್ದೆ."

ಅವನಿಗೆ ಅರ್ಥವಾಗಲಿಲ್ಲ. ಅತ್ತೆಯ ಕಡೆ ತಿರುಗಿದ. ಫೋಟೋ ತೋರಿಸಿದ. "ಅಜ್ಜಿ, ಇವ್ರು ನಿಮ್ಮ ಮಗ ಅಲ್ವಾ?"

ಅತ್ತೆ ಫೋಟೋ ನೋಡಿದರು. ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಬರ್ಕೊ," ಎಂದರು.

ಗುಮಾಸ್ತ ಒಂದು ಬಿಳಿ ಹಾಳೆ ಎಳೆದುಕೊಂಡ. ತಾರೀಖು ಕೇಳಿದ. ಅತ್ತೆ ತಾರೀಖು ಹೇಳಿದರು. ವಾರ ಹೇಳಿದರು. ಮರ ಯಾವುದು, ಯಾವ ಕೊಂಬೆ, ಅವತ್ತು ಅವನು ಯಾವ ಅಂಗಿ ಹಾಕಿದ್ದ ಎಂದು ಹೇಳಿದರು. ಅಷ್ಟೆಲ್ಲ ಬೇಡ ಅಜ್ಜಿ, ತಾರೀಖು ಸಾಕು ಎಂದ ಗುಮಾಸ್ತ.

ಅತ್ತೆ ನಿಲ್ಲಿಸಲಿಲ್ಲ.